ಊರಿಗೆ ಹೊರಡುವ ಮುನ್ನ ಟ್ರೇಲರಿನ ಬ್ರೇಕು ನೋಡಿರಿ



ಮೇ ತಿಂಗಳು ಮುಗಿಯುತ್ತ ಬಂದಂತೆ ನಮ್ಮ ವಾಚನಾಲಯದ ಬೆಂಚುಗಳು ಬರಿದಾಗತೊಡಗುತ್ತವೆ. ನಾಸಿಕದ ಸಾತಪುರ, ಅಂಬಡ, ಸಂಭಾಜಿನಗರದ ವಾಳುಜ, ಚಿಕಲಠಾಣಾ ಕಡೆಯ ಕಾರಖಾನೆಗಳಲ್ಲಿ ಖಾಯಂ ಕೆಲಸವಿರುವವರು ಉಳಿಯುತ್ತಾರೆ. ಕಟ್ಟಡದ ಕೆಲಸಕ್ಕೆ ಬಂದ ವಿಜಯಪುರ, ಕಲಬುರಗಿ ಕಡೆಯವರು ಕಾರಹುಣ್ಣಿಮೆಗೆಂದು, ಮುಂಗಾರಿ ಬಿತ್ತನೆಗೆಂದು ಊರ ದಾರಿ ಹಿಡಿಯುತ್ತಾರೆ. ನಾಲ್ಕಾರು ಮನೆಯವರು ಕೂಡಿ ಒಂದು ಟ್ರ್ಯಾಕ್ಟರನ್ನು ಬಾಡಿಗೆಗೆ ಗೊತ್ತುಮಾಡುತ್ತಾರೆ. ಹಿಂದಿನ ಟ್ರೇಲರಿನಲ್ಲಿ ಟ್ರಂಕು, ಪಾತ್ರೆ ಪಗಡ, ಸೆಂಟ್ರಿಂಗಿನ ತಗಡು, ಜೋಳದ ಚೀಲ; ಕೆಲವೊಮ್ಮೆ ಅದರ ಬಾಲಕ್ಕೆ ಕಾಂಕ್ರೀಟು ಕಲಸುವ ಮಿಕ್ಸರು. ಈ ಎಲ್ಲದರ ಮೇಲೆ ಮಕ್ಕಳು ಮರಿಗಳೊಡನೆ ಮನೆಮಂದಿ.

ಇತ್ತ ಬೀಡ ಜಿಲ್ಲೆಯ ಕಬ್ಬು ಕಡಿಯುವ ಜನ ದಸರೆ ದೀಪಾವಳಿಯ ಹೊತ್ತಿಗೆ ಇಂಥ ಟ್ರೇಲರುಗಳಲ್ಲಿಯೇ ನಮ್ಮ ಬೆಳಗಾವಿ, ಬಾಗಲಕೋಟೆಯ ಸಕ್ಕರೆ ಕಾರಖಾನೆಗಳತ್ತ ಇಳಿಯುತ್ತಾರೆ. ಹೋಗುವವರಿಗೂ ಬರುವವರಿಗೂ ದಾರಿ ಒಂದೇ, ಗಂಡಾಂತರವೂ ಒಂದೇ.

ಈ ಲೇಖನ ಬರೆಯುವುದಕ್ಕೆ ಕಾರಣವನ್ನು ಮೊದಲಿಗೆ ಹೇಳಿಬಿಡುವುದು ಒಳ್ಳೆಯದು. ಮೂರು ವರ್ಷಗಳ ಹಿಂದೆ ಹೀಗೆಯೇ ಒಂದು ಟ್ರೇಲರು ಹೊರಟಿತು. ಸಾಮಾನಿನ ಯಾದಿಯನ್ನು ನಾವೇ ವಾಚನಾಲಯದ ಮೇಜಿನ ಮೇಲೆ ಬರೆದುಕೊಟ್ಟೆವು. ಯಾರ ಹಂಡೆ ಎಷ್ಟು, ಯಾರ ತಗಡು ಎಷ್ಟು ಎಂದು ಒಂದೂ ತಪ್ಪದಂತೆ ಎಣಿಸಿದೆವು. ಬೀಡ ದಾಟಿದ ಮೇಲೆ ಒಂದು ಇಳಿಜಾರಿನಲ್ಲಿ ಟ್ರೇಲರು ಟ್ರ್ಯಾಕ್ಟರನ್ನು ಹಿಂದಿನಿಂದ ದೂಡಿ, ಅಡ್ಡ ತಿರುಗಿ ಉರುಳಿತು. ಪುಣ್ಯಕ್ಕೆ ಯಾರ ಪ್ರಾಣವೂ ಹೋಗಲಿಲ್ಲ. ಆದರೆ ಪ್ರತಿ ಸಂಜೆ ಓದು ಬಾರದವರಿಗೆ ಪತ್ರಿಕೆಯನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದ ನಮ್ಮ ಒಬ್ಬ ತರುಣ ಸದಸ್ಯರು ಬಲಗಾಲನ್ನು ಕಳೆದುಕೊಂಡರು. ಆ ಟ್ರೇಲರಿಗೆ ಬ್ರೇಕು ಇತ್ತು. ಅದನ್ನು ಟ್ರ್ಯಾಕ್ಟರಿಗೆ ಜೋಡಿಸಿರಲೇ ಇಲ್ಲವೆಂದು ಆಮೇಲೆ ತಿಳಿಯಿತು. ಹಂಡೆಗಳನ್ನು ಎಣಿಸಿದ ನಾವು ಗಾಲಿಯ ಹತ್ತಿರ ಬಗ್ಗಿ ನೋಡಲಿಲ್ಲ.

ನಾವು ಮಿಸ್ತ್ರಿಗಳಲ್ಲ. ಗಿರಣಿಯ ಗೇಟಿನಲ್ಲಿ ಬಂದು ಹೋಗುವ ಲಾರಿ ಟ್ರೇಲರುಗಳ ಪಾಸು ಬರೆಯುವ ಗುಮಾಸ್ತರು. ಅಲ್ಲಿ ಚಾಲಕರನ್ನೂ ಗ್ಯಾರೇಜಿನ ಹಿರಿಯ ಮಿಸ್ತ್ರಿಗಳನ್ನೂ ಕೇಳಿ, ಪುಸ್ತಕ ನೋಡಿ ತಿಳಿದುಕೊಂಡದ್ದನ್ನು ಇಲ್ಲಿ ವಾಚಕರ ಮುಂದಿಡುತ್ತೇವೆ.

ಬ್ರೇಕು ಮಾಡುವ ಕೆಲಸ ಯಾವುದು?

ಬ್ರೇಕು ಗಾಡಿಯನ್ನು ನಿಲ್ಲಿಸುತ್ತದೆ ಎಂದು ಎಲ್ಲರೂ ಬಲ್ಲರು. ಹೇಗೆ ನಿಲ್ಲಿಸುತ್ತದೆ ಎಂಬುದನ್ನು ಬಲ್ಲವರು ಕಡಿಮೆ. ಗಾಲಿಯೊಡನೆ ತಿರುಗುವ ಕಬ್ಬಿಣದ ಡ್ರಮ್ಮಿನ ಒಳಮೈಗೆ ಎರಡು ಶೂಗಳು ಒತ್ತುತ್ತವೆ. ಶೂಗಳ ಮೇಲೆ ಲೈನರ್ ಎಂಬ ಒರಟು ಪಟ್ಟಿ ಇರುತ್ತದೆ. ಉಜ್ಜಾಟದಿಂದ ಗಾಡಿಯ ಓಟವೆಲ್ಲ ಶಾಖವಾಗಿ ಮಾರ್ಪಡುತ್ತದೆ. ಅಂದರೆ ಬ್ರೇಕು ಎಂಬುದು ಓಟವನ್ನು ಬಿಸಿಯಾಗಿಸಿ ಗಾಳಿಗೆ ಬಿಡುವ ಯಂತ್ರ.

ಎಷ್ಟು ಬಿಸಿ? ಲೆಕ್ಕ ಸುಲಭವಾಗಿದೆ. ಟ್ರ್ಯಾಕ್ಟರು, ಟ್ರೇಲರು, ಸಾಮಾನು ಎಲ್ಲ ಕೂಡಿ ೧೦ ಟನ್ ಎಂದು ಇಟ್ಟುಕೊಳ್ಳೋಣ. ತಾಸಿಗೆ ೩೬ ಕಿಲೋಮೀಟರ್ ವೇಗದಲ್ಲಿರುವ ಈ ಭಾರವನ್ನು ಸಪಾಟು ರಸ್ತೆಯಲ್ಲಿ ಒಮ್ಮೆ ನಿಲ್ಲಿಸಿದರೆ ಹುಟ್ಟುವ ಶಾಖವು ಸುಮಾರು ಒಂದೂವರೆ ಲೀಟರ್ ನೀರನ್ನು ಕುದಿಸಲು ಸಾಕು. ವೇಗ ಅರ್ಧವಾದರೆ ಶಾಖ ಕಾಲು ಭಾಗಕ್ಕೆ ಇಳಿಯುತ್ತದೆ. ವೇಗ ಇಮ್ಮಡಿಯಾದರೆ ನಾಲ್ಕು ಪಟ್ಟಾಗುತ್ತದೆ.

ಇನ್ನು ಘಟ್ಟದ ಮಾತು. ನಾಸಿಕದ ವಾಚಕರಿಗೆ ಕಸಾರಾ ಘಾಟ ಗೊತ್ತು. ೧೮೬೫ರಲ್ಲಿ ರೈಲು ಹತ್ತಿದ ಈ ಥಳ ಘಾಟದಲ್ಲಿ ಕಸಾರಾದಿಂದ ಇಗತಪುರಿಯ ತನಕ ಹಳಿಯು ಸುಮಾರು ೩೦೦ ಮೀಟರ್ ಏರುತ್ತದೆ. ಅತಿ ಕಡಿದಾದ ಕಡೆಗಳಲ್ಲಿ ೩೭ ಅಡಿ ಸಾಗಿದರೆ ಒಂದು ಅಡಿ ಏರು. ಏರುವ ರೈಲಿಗೆ ಹಿಂದಿನಿಂದ ದೂಡುವ ಎಂಜಿನುಗಳನ್ನು ಕಟ್ಟುವುದನ್ನು ಹಲವರು ಕಿಟಕಿಯಿಂದ ನೋಡಿರಬಹುದು. ಅಷ್ಟೇ ಎತ್ತರದಿಂದ ನಮ್ಮ ೧೦ ಟನ್ ಭಾರವು ಬರಿಯ ಬ್ರೇಕಿನ ಆಧಾರದಿಂದ ಇಳಿದರೆ ಹುಟ್ಟುವ ಶಾಖಕ್ಕೆ ೯೦ ಲೀಟರಿಗೂ ಹೆಚ್ಚು ನೀರು ಕುದಿದೀತು. ಮದುವೆ ಮನೆಯ ಎರಡು ಹಂಡೆ ನೀರು! ಇಷ್ಟೂ ಬಿಸಿಯನ್ನು ನಾಲ್ಕಾರು ಡ್ರಮ್ಮುಗಳು ಹೊರಬೇಕು. ಟ್ರೇಲರಿನ ಬ್ರೇಕು ಸತ್ತಿದ್ದರೆ ಎಲ್ಲವೂ ಟ್ರ್ಯಾಕ್ಟರಿನ ಎರಡು ಹಿಂಗಾಲಿಗಳ ಪಾಲಿಗೆ ಬರುತ್ತದೆ. ಏಕೆಂದರೆ ಹೆಚ್ಚಿನ ಟ್ರ್ಯಾಕ್ಟರುಗಳ ಮುಂಗಾಲಿಗೆ ಬ್ರೇಕೇ ಇರುವುದಿಲ್ಲ.

ಡ್ರಮ್ಮು ಕಾದಾಗ ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ. ಲೈನರು ವಿಪರೀತ ಕಾದರೆ ಅದರ ಹಿಡಿತ ಕುಗ್ಗುತ್ತದೆ. ಆಗ ಚಾಲಕನು ಪೆಡಲನ್ನು ತಳಮುಟ್ಟ ಒತ್ತಿದರೂ ಗಾಡಿ ಕೇಳುವುದಿಲ್ಲ. “ಬ್ರೇಕ್ ಫೇಲ್ ಆಯಿತು” ಎಂದು ಪತ್ರಿಕೆಯಲ್ಲಿ ಬರುವ ಸುದ್ದಿಗಳಲ್ಲಿ ಎಷ್ಟೋ ಸಲ ಏನೂ ಮುರಿದಿರುವುದಿಲ್ಲ. ಬ್ರೇಕು ಕಾದು ಸೋತಿರುತ್ತದೆ.

ಟ್ರೇಲರಿನ ಬ್ರೇಕಿನಲ್ಲಿ ಬಗೆಗಳು

ಮೊದಲನೆಯದು ಬ್ರೇಕೇ ಇಲ್ಲದ ಟ್ರೇಲರು. ಹಳ್ಳಿಯ ಗ್ಯಾರೇಜಿನಲ್ಲಿ ಬೆಸೆದು ಕಟ್ಟಿದ ಎಷ್ಟೋ ಟ್ರೇಲರುಗಳು ಈ ಜಾತಿಯವು. ಎಳೆದೊಯ್ಯುವ ಮಿಕ್ಸರುಗಳೂ ಹೆಚ್ಚಾಗಿ ಹೀಗೆಯೇ. ಹೊಲದಿಂದ ಮನೆಗೆ ಸೊಪ್ಪೆ ತರುವುದಕ್ಕೆ ಇವು ನಡೆದಾವು. ೪೦೦ ಕಿಲೋಮೀಟರ್ ಹೆದ್ದಾರಿಗೆ ಇವು ತಕ್ಕವಲ್ಲ. ಇಂಥದಕ್ಕೆ ಬಿಗಿ ಮಾಡುವುದೆಂಬುದೇ ಇಲ್ಲ; ಬೇರೆ ಟ್ರೇಲರು ನೋಡಿಕೊಳ್ಳುವುದೇ ಉಪಾಯ.

ಎರಡನೆಯದು ದೂಡುಬ್ರೇಕು. ಮುಂದಿನ ಗಾಡಿ ನಿಧಾನವಾದಾಗ ಹಿಂದಿನದು ಅದನ್ನು ದೂಡುತ್ತದಲ್ಲವೇ? ಆ ದೂಟದಿಂದಲೇ ಕೊಂಡಿಯಲ್ಲಿನ ದಂಡವು ಹಿಂದಕ್ಕೆ ಸರಿದು, ತಂತಿ ಅಥವಾ ಸರಳನ್ನು ಎಳೆದು ಟ್ರೇಲರಿನ ಶೂಗಳನ್ನು ಒತ್ತುತ್ತದೆ.

ಮೂರನೆಯದು ಎಣ್ಣೆಬ್ರೇಕು. ಟ್ರ್ಯಾಕ್ಟರಿನಿಂದ ಒಂದು ಕೊಳವೆ ಟ್ರೇಲರಿಗೆ ಹೋಗುತ್ತದೆ.

ನಾಲ್ಕನೆಯದು ಹವಾಬ್ರೇಕು. ದೊಡ್ಡ ಲಾರಿಗಳ ಟ್ರೇಲರಿಗೆಲ್ಲ ಇದೇ. ಕೆಲವು ಟ್ರ್ಯಾಕ್ಟರುಗಳಿಗೂ ಉಂಟು. ಇದರ ಬುದ್ಧಿವಂತಿಕೆ ರೈಲಿನಿಂದ ಬಂದದ್ದು. ಅಮೆರಿಕದ ಜಾರ್ಜ್ ವೆಸ್ಟಿಂಗ್‌ಹೌಸ್ ಎಂಬವರು ೧೮೬೯ರಲ್ಲಿ ರೈಲಿಗೆ ಮೊದಲ ಹವಾಬ್ರೇಕನ್ನು ಮಾಡಿದರು. ಅದರಲ್ಲಿ ಹವಾ ಬಂದರೆ ಬ್ರೇಕು ಬೀಳುತ್ತಿತ್ತು. ಕೊಳವೆ ಹರಿದರೆ ಬ್ರೇಕೇ ಇಲ್ಲ. ೧೮೭೨ರಲ್ಲಿ ಅವರು ಅದನ್ನು ತಿರುಗಿಸಿಟ್ಟರು: ಹವಾ ತುಂಬಿರುವ ತನಕ ಬ್ರೇಕು ಬಿಟ್ಟಿರುತ್ತದೆ, ಹವಾ ಹೋದೊಡನೆ ತಾನೇ ಹಿಡಿಯುತ್ತದೆ. ರೈಲಿನಲ್ಲಿ ಸರಪಳಿ ಎಳೆದಾಗ ನಡೆಯುವುದೂ ಇದೇ. ಕೊಳವೆಯ ಹವಾ ಹೊರಬಿದ್ದು ಗಾಡಿ ನಿಲ್ಲುತ್ತದೆ. ಲಾರಿಯ ಟ್ರೇಲರಿಗೆ ಎರಡು ಕೊಳವೆಗಳಿರುತ್ತವೆ. ಒಂದು ಟ್ರೇಲರಿನ ಟಾಕಿಗೆ ಹವಾ ತುಂಬುವುದು. ಇನ್ನೊಂದು ಪೆಡಲಿನ ಅಪ್ಪಣೆಯನ್ನು ಒಯ್ಯುವುದು. ತುಂಬುವ ಕೊಳವೆ ಹರಿದರೆ ಟ್ರೇಲರು ತಾನಾಗಿ ಬ್ರೇಕು ಹಿಡಿಯಬೇಕು.

ಹೊರಡುವ ಹಿಂದಿನ ದಿನ ನೋಡತಕ್ಕದ್ದು

ಹೊರಡುವ ದಿನ ನಸುಕಿನಲ್ಲಿ ಸಾಮಾನು ಹೇರುವ ಗಡಿಬಿಡಿಯಲ್ಲಿ ಯಾರೂ ಏನನ್ನೂ ನೋಡುವುದಿಲ್ಲ. ಆದುದರಿಂದ ಟ್ರೇಲರನ್ನು ಹಿಂದಿನ ದಿನ ಹಗಲು ಬೆಳಕಿನಲ್ಲಿ, ಬರಿದಾಗಿರುವಾಗಲೇ ತರಿಸಬೇಕು.

೧. ಸಪಾಟು ನೆಲದಲ್ಲಿ ನಿಲ್ಲಿಸಿ ಗಾಲಿಗಳಿಗೆ ಹಿಂದೆ ಮುಂದೆ ಕಲ್ಲು ಇಡಬೇಕು. ಕಲ್ಲಿಡದೆ ಯಾರೂ ಗಾಡಿಯ ಕೆಳಗೆ ಹೋಗಕೂಡದು. ಜಾಕಿನ ಮೇಲೆ ನಿಂತ ಗಾಡಿಯನ್ನು ನಂಬಿ ಕೆಳಗೆ ನುಸುಳಬಾರದು. ಮರದ ದಿಮ್ಮಿಯನ್ನಾದರೂ ಆಸರೆ ಕೊಡಬೇಕು.

೨. ಕೊಂಡಿಯ ಪಿನ್ನು ಸವೆದಿದೆಯೇ, ಅದು ಮೇಲಕ್ಕೆ ಜಿಗಿಯದಂತೆ ತಡೆಯುವ ಚಿಕ್ಕ ಪಿನ್ನು ಇದೆಯೇ ನೋಡಿರಿ. ಅದರ ಬದಲು ಮೊಳೆ ಅಥವಾ ತಂತಿ ಸುತ್ತಿದ್ದರೆ ಒಪ್ಪಬೇಡಿರಿ. ಪಿನ್ನು ಹೋದರೂ ಟ್ರೇಲರು ಬಿಟ್ಟೋಡದಂತೆ ಗಟ್ಟಿ ಸರಪಳಿ ಇರಬೇಕು.

೩. ಟ್ರ್ಯಾಕ್ಟರಿನ ಬ್ರೇಕ್ ಪೆಡಲುಗಳು ಎರಡು. ಹೊಲದಲ್ಲಿ ಚಟ್ಟನೆ ತಿರುಗಲು ಎಡಬಲವನ್ನು ಬೇರೆ ಬೇರೆ ಒತ್ತುತ್ತಾರೆ. ರಸ್ತೆಯಲ್ಲಿ ಇವೆರಡನ್ನೂ ಚಿಲಕ ಹಾಕಿ ಒಂದಾಗಿಸಲೇಬೇಕು. ಇಲ್ಲವಾದರೆ ಅವಸರದಲ್ಲಿ ಒಂದೇ ಪೆಡಲಿಗೆ ಕಾಲು ಬಿದ್ದು ಟ್ರ್ಯಾಕ್ಟರು ಗಿರಕಿ ಹೊಡೆಯುತ್ತದೆ. ಈ ಚಿಲಕಕ್ಕೆ ಕಾಸಿನ ಖರ್ಚಿಲ್ಲ; ಬಗ್ಗಿ ನೋಡಿದರೆ ಸಾಕು.

೪. ದೂಡುಬ್ರೇಕಾದರೆ ಕೊಂಡಿಯ ದಂಡ ಸರಾಗವಾಗಿ ಒಳಹೋಗಿ ಹೊರಬರಬೇಕು. ತುಕ್ಕು ಹಿಡಿದು ಜಾಮಾಗಿದ್ದರೆ ಬ್ರೇಕು ಇದ್ದೂ ಇಲ್ಲದಂತೆ. ತಂತಿಯ ಎಳೆಗಳು ಹರಿದಿರಬಾರದು.

೫. ಎಣ್ಣೆಬ್ರೇಕಾದರೆ ಪೆಡಲನ್ನು ಒತ್ತಿ ಒಂದು ನಿಮಿಷ ಹಿಡಿಯಿರಿ. ಕಾಲಿನ ಕೆಳಗೆ ಮೆಲ್ಲಗೆ ಕುಸಿದರೆ ಎಲ್ಲೋ ಸೋರುತ್ತಿದೆ. ಸ್ಪಂಜಿನಂತೆ ಮೆತ್ತಗಿದ್ದರೆ ಕೊಳವೆಯಲ್ಲಿ ಗಾಳಿ ಸೇರಿದೆ, ಅದನ್ನು ಹೊರತೆಗೆಸಬೇಕು. ಆ ಗಾಡಿಗೆ ಹೇಳಿದ ಎಣ್ಣೆಯನ್ನೇ ಹಾಕಬೇಕು. ಲಾರಿ, ಕಾರುಗಳ ಬ್ರೇಕ್ ಎಣ್ಣೆಯ ಜಾಗಕ್ಕೆ ಎಂಜಿನ್ ಎಣ್ಣೆ ಸುರಿದರೆ ಒಳಗಿನ ರಬ್ಬರು ಉಬ್ಬಿ ಕೆಡುತ್ತದೆ.

೬. ಹವಾಬ್ರೇಕಾದರೆ ಎಂಜಿನು ಚಾಲೂ ಮಾಡಿ ಗಡಿಯಾರದ ಮುಳ್ಳು ಪೂರ್ತಿ ಏರುವ ತನಕ ಕಾಯಿರಿ. ಬಳಿಕ ಎಂಜಿನು ನಿಲ್ಲಿಸಿ, ಪೆಡಲನ್ನು ಒತ್ತಿ ಹಿಡಿದು ಒಂದು ನಿಮಿಷ ಮುಳ್ಳನ್ನು ನೋಡಿರಿ. ಅಮೆರಿಕದಲ್ಲಿ ಟ್ರೇಲರು ಎಳೆಯುವ ಚಾಲಕರ ಪರೀಕ್ಷೆಯಲ್ಲಿ, ಮೊದಲ ಇಳಿತವನ್ನು ಬಿಟ್ಟು, ಈ ಒಂದು ನಿಮಿಷಕ್ಕೆ ೪ ಪೌಂಡಿಗಿಂತ ಹೆಚ್ಚು ಇಳಿಯಬಾರದೆಂದು ನಿಯಮ. ಅಷ್ಟರಲ್ಲಿ ಇನ್ನೊಬ್ಬರು ಸುತ್ತಲೂ ನಡೆದು ‘ಸುಸ್’ ಎಂಬ ಸದ್ದಿಗೆ ಕಿವಿಗೊಡಬೇಕು. ಅನುಮಾನ ಬಂದ ಕಡೆ ಸಾಬೂನಿನ ನೀರು ಹಚ್ಚಿದರೆ ಗುಳ್ಳೆ ಏಳುತ್ತದೆ. ಟಾಕಿಯ ಕೆಳಗಿನ ನಲ್ಲಿ ತೆರೆದು ಒಳಗೆ ಕೂಡಿದ ನೀರನ್ನು ಬಿಡಬೇಕು. ಬ್ರೇಕಿನ ಡಬ್ಬಿಯೊಳಗೆ ಬಲವಾದ ಸ್ಪ್ರಿಂಗು ಇರುತ್ತದೆ. ಅದನ್ನು ಕುತೂಹಲಕ್ಕಾಗಿಯೂ ಬಿಚ್ಚಬೇಡಿರಿ. ಅದು ಹಾರಿದರೆ ಆಳು ಉಳಿಯುವುದಿಲ್ಲ.

೭. ಗಾಲಿಯ ಒಳಮಗ್ಗುಲಲ್ಲಿ ಎಣ್ಣೆ, ಗ್ರೀಸು ಇಳಿದ ಕಲೆ ಕಂಡರೆ ಡ್ರಮ್ಮು ಬಿಚ್ಚಿಸಲೇಬೇಕು. ಗ್ರೀಸು ಕುಡಿದ ಲೈನರನ್ನು ಒರಸಿ ಹಾಕುವುದು ವ್ಯರ್ಥ, ಬದಲಿಸಬೇಕು. ಒಂದು ಕಡೆ ಬದಲಿಸಿದರೆ ಅದೇ ಅಚ್ಚಿನ ಮತ್ತೊಂದು ಕಡೆಯದನ್ನೂ ಬದಲಿಸಬೇಕು. ಇಲ್ಲವಾದರೆ ಒಂದು ಗಾಲಿ ಹಿಡಿದು ಇನ್ನೊಂದು ಜಾರಿ ಟ್ರೇಲರು ಅಡ್ಡವಾಗುತ್ತದೆ. ಬಿಚ್ಚಿದಾಗ ಒಳಗಿನ ಧೂಳನ್ನು ಬಾಯಿಂದ ಊದಬೇಡಿರಿ, ಹವಾ ಹೊಡೆಯಬೇಡಿರಿ. ಹಳೆಯ ಲೈನರಿನಲ್ಲಿ ಶ್ವಾಸಕೋಶವನ್ನು ಕೆಡಿಸುವ ಕಲ್ನಾರು ಇರಬಹುದು. ಒದ್ದೆ ಬಟ್ಟೆಯಿಂದ ಒರಸಿರಿ.

ಬಿಗಿ ಮಾಡುವ ಬಗೆ

ಲೈನರು ಸವೆದಂತೆಲ್ಲ ಶೂವಿಗೂ ಡ್ರಮ್ಮಿಗೂ ನಡುವಿನ ಸಂದು ಬೆಳೆಯುತ್ತದೆ. ಸಂದು ಹೆಚ್ಚಾದರೆ ಒತ್ತುವ ಬಲವೆಲ್ಲ ಸಂದು ತುಂಬುವುದರಲ್ಲಿಯೇ ಮುಗಿದು, ಹಿಡಿಯುವುದಕ್ಕೆ ಉಳಿಯುವುದಿಲ್ಲ. ಈ ಸಂದನ್ನು ಸರಿಪಡಿಸುವುದಕ್ಕೆ ಬ್ರೇಕು ಬಿಗಿ ಮಾಡುವುದೆನ್ನುತ್ತಾರೆ.

ಬ್ರೇಕು ತಣ್ಣಗಿರುವಾಗಲೇ ಈ ಕೆಲಸ ಮಾಡಬೇಕು. ಕಾದ ಡ್ರಮ್ಮು ಹಿಗ್ಗಿರುತ್ತದೆ. ಆಗ ಬಿಗಿದರೆ ತಣಿದು ಕುಗ್ಗಿದಾಗ ಶೂವನ್ನು ಕಚ್ಚಿಕೊಂಡುಬಿಡುತ್ತದೆ.

ಸಾದಾ ಡ್ರಮ್ಮಾದರೆ ಬಿಗಿಯುವ ಗಾಲಿಯನ್ನು ಜಾಕಿನಿಂದ ಎತ್ತಿ, ಬ್ರೇಕು ಪೂರ್ತಿ ಬಿಟ್ಟಿದೆಯೆಂದು ಖಾತ್ರಿ ಮಾಡಿಕೊಳ್ಳಬೇಕು. ಹಿಂಬದಿಯ ತಗಡಿನ ಕಿಂಡಿಯಲ್ಲಿ ಹಲ್ಲಿನ ಚಕ್ರ ಅಥವಾ ಬೋಲ್ಟು ಇರುತ್ತದೆ. ಗಾಲಿ ಕೈಯಿಂದ ತಿರುಗದಷ್ಟು ಅದನ್ನು ಬಿಗಿಯಬೇಕು. ಒಮ್ಮೆ ಬ್ರೇಕು ಒತ್ತಿ ಬಿಟ್ಟರೆ ಶೂಗಳು ತಮ್ಮ ಜಾಗದಲ್ಲಿ ಕೂಡುತ್ತವೆ. ಸಡಿಲವಾದರೆ ಮತ್ತೆ ಬಿಗಿಯಬೇಕು. ಬಳಿಕ ಗಾಲಿ ಸರಾಗವಾಗಿ ತಿರುಗುವಷ್ಟೇ, ಶೂ ತುಸು ಸವರುವ ಸದ್ದು ಕೇಳುವಷ್ಟೇ ಹಿಂದಕ್ಕೆ ಬಿಡಬೇಕು. ಎಡಕ್ಕೆ ಎಷ್ಟೋ ಬಲಕ್ಕೂ ಅಷ್ಟೇ ಹಿಡಿತವಿರಬೇಕು.

ಹವಾಬ್ರೇಕಿನಲ್ಲಿ ಡಬ್ಬಿಯಿಂದ ಹೊರಬರುವ ದಂಡಕ್ಕೆ ಜೋಡಿಸಿದ ಸ್ಲ್ಯಾಕ್ ಅಡ್ಜಸ್ಟರ್ ಎಂಬ ತೋಳು ಇರುತ್ತದೆ. ಗಾಲಿಗೆ ಕಲ್ಲಿಟ್ಟು, ಹವಾ ತುಂಬಿ, ಬ್ರೇಕು ಬಿಟ್ಟು, ಈ ತೋಳನ್ನು ಕೈಯಿಂದ ಜೋರಾಗಿ ಎಳೆದು ನೋಡಿರಿ. ದಂಡ ಸೇರುವ ಜಾಗದಲ್ಲಿ ಅದು ಸುಮಾರು ಒಂದು ಇಂಚಿಗಿಂತ ಹೆಚ್ಚು ಸರಿದರೆ ಬ್ರೇಕು ಸಡಿಲವಾಗಿದೆ. ಕೈಯಿಂದ ಬಿಗಿಯುವ ಮಾದರಿಯಾದರೆ, ಬ್ರೇಕು ಹಿಡಿಯುವಾಗ ಒಳಗಿನ ಕ್ಯಾಮು ತಿರುಗುವ ದಿಕ್ಕಿಗೇ ಬೋಲ್ಟನ್ನು ತಿರುಗಿಸಿ, ಶೂ ಡ್ರಮ್ಮಿಗೆ ತಾಗಿದ ಮೇಲೆ ಕಾಲು ಸುತ್ತಿನಿಂದ ಅರ್ಧ ಸುತ್ತಿನ ತನಕ ಹಿಂದಕ್ಕೆ ಬಿಡುತ್ತಾರೆ. ತಾನೇ ಬಿಗಿದುಕೊಳ್ಳುವ ಮಾದರಿಯೂ ಉಂಟು. ಅದು ಸಡಿಲವಾಗಿದ್ದರೆ ಬೇರೆ ಏನೋ ಕೆಟ್ಟಿದೆ ಎಂದರ್ಥ. ಪಾನಾ ಹಾಕಿ ಬಿಗಿದರೆ ರೋಗ ಮುಚ್ಚಿದಂತೆಯೇ ಹೊರತು ವಾಸಿ ಮಾಡಿದಂತಲ್ಲ, ಮಿಸ್ತ್ರಿಗೆ ತೋರಿಸಬೇಕು.

ಇದನ್ನೆಲ್ಲ ನಾವೇ ಮಾಡಿಬಿಡೋಣ ಎಂದು ಹೇಳುತ್ತಿಲ್ಲ. ಮಿಸ್ತ್ರಿ ಮಾಡುವಾಗ ಹತ್ತಿರ ನಿಂತು ನೋಡುವುದಕ್ಕೂ, “ಎಡಗಾಲಿ ನೋಡಿದಿರಾ?” ಎಂದು ಕೇಳುವುದಕ್ಕೂ ಇಷ್ಟು ತಿಳಿವಳಿಕೆ ಸಾಕು. ಕೇಳುವವನಿದ್ದರೆ ಮಾಡುವವನು ಎಚ್ಚರವಾಗಿರುತ್ತಾನೆ.

ಕೊನೆಗೆ ಪ್ರಯೋಗ. ಜನರಿಲ್ಲದ ಬಯಲಿನಲ್ಲಿ ಮೆಲ್ಲಗೆ ಓಡಿಸಿ ಬ್ರೇಕು ಹಾಕಿಸಿರಿ. ಟ್ರೇಲರು ನೇರವಾಗಿ ನಿಲ್ಲಬೇಕು; ಹಿಂದಿನಿಂದ ಧಡಾರೆಂದು ಗುದ್ದಬಾರದು. ಸಾಮಾನು ಹೇರಿದ ಮೇಲೆ ಇದನ್ನೇ ಇನ್ನೊಮ್ಮೆ ಮಾಡಬೇಕು. ಬರಿಗಾಡಿಯನ್ನು ನಿಲ್ಲಿಸಿದ ಬ್ರೇಕು ತುಂಬಿದ ಗಾಡಿಯನ್ನು ನಿಲ್ಲಿಸೀತೆಂದು ನಂಬುವಂತಿಲ್ಲ.

ದಾರಿಯಲ್ಲಿ

ಸಂಭಾಜಿನಗರದಿಂದ ೫೨ನೆಯ ರಾಷ್ಟ್ರೀಯ ಹೆದ್ದಾರಿ ಬೀಡ, ಧಾರಾಶಿವ, ಸೊಲ್ಲಾಪುರ ದಾಟಿ ವಿಜಯಪುರಕ್ಕೆ, ಅಲ್ಲಿಂದ ಹುಬ್ಬಳ್ಳಿಗೆ, ಯಲ್ಲಾಪುರದ ಆಚೆ ಅರಬೈಲು ಘಟ್ಟ ಇಳಿದು ಅಂಕೋಲೆಗೆ ಹೋಗುತ್ತದೆ. ವಿಜಯಪುರಕ್ಕೆ ಸುಮಾರು ೪೦೦ ಕಿಲೋಮೀಟರ್. ನಡುವೆ ಬೀಡದ ಬಳಿ ಮಾಂಜರಸುಂಬಾ ಘಾಟವಿದೆ. ಇದೇ ಹೆದ್ದಾರಿ ಉತ್ತರಕ್ಕೆ ಹೋದರೆ ಕನ್ನಡ ಎಂಬ ಊರಿನ ಆಚೆ ಚಾಳೀಸಗಾವಿಗೆ ಇಳಿಯುವ ಔಟ್ರಮ್ ಘಾಟವಿದೆ. ಊರಿನ ಹೆಸರು ಕೇಳಿ ನಮ್ಮವರು ಹಿಗ್ಗುವುದುಂಟು. ಘಾಟದಲ್ಲಿ ಹಿಗ್ಗಿಗೆ ಆಸ್ಪದವಿಲ್ಲ. ನಾಸಿಕದವರಿಗೆ ಪುಣೆಯ ದಾರಿಯಲ್ಲಿ ಚಂದನಾಪುರಿ ಘಾಟ ಇದ್ದೇ ಇದೆ.

ಘಟ್ಟಕ್ಕೆ ಒಂದೇ ಸೂತ್ರ: ಇಳಿಯುವ ಮೊದಲೇ ಕೆಳಗಿನ ಗೇರು ಹಾಕಬೇಕು. ಭಾರವನ್ನು ಎಂಜಿನು ತಡೆಯಬೇಕು. ಬ್ರೇಕು ಅದಕ್ಕೆ ಸಹಾಯಕ ಮಾತ್ರ. ಬ್ರೇಕಿನ ಮೇಲೆ ಕಾಲಿಟ್ಟೇ ಇಳಿಯದೆ, ವೇಗ ಏರಿದಾಗ ಗಟ್ಟಿಯಾಗಿ ಒತ್ತಿ, ತಗ್ಗಿದೊಡನೆ ಬಿಟ್ಟು, ಡ್ರಮ್ಮಿಗೆ ಉಸಿರಾಡಲು ಬಿಡುವು ಕೊಡಬೇಕು.

ಡೀಸೆಲ್ ಉಳಿಸಲೆಂದು ಎಂಜಿನು ಆರಿಸಿ ನ್ಯೂಟ್ರಲಿನಲ್ಲಿ ಇಳಿಯುವ ಚಾಲಕರುಂಟು. ೨೦೨೨ರ ನವೆಂಬರ್ ೨೦ರ ರಾತ್ರಿ ಪುಣೆಯ ನವಲೆ ಸೇತುವೆಯ ಇಳಿಜಾರಿನಲ್ಲಿ ಒಂದು ಭಾರದ ಲಾರಿ ಅನೇಕ ವಾಹನಗಳನ್ನು ಜಜ್ಜಿತು. ಬ್ರೇಕು ಕೆಟ್ಟಿತ್ತೆಂದು ಮೊದಲು ಸುದ್ದಿಯಾಯಿತು. ಚಾಲಕನು ಇಳಿಜಾರಿನಲ್ಲಿ ಎಂಜಿನು ಆರಿಸಿದ್ದನೆಂದು ಆಮೇಲೆ ಪೊಲೀಸರು ಹೇಳಿದರು. ಎಂಜಿನು ಆರಿದರೆ ತಡೆಯುವ ಗೇರೂ ಇಲ್ಲ, ಹವಾ ತುಂಬುವ ಪಂಪೂ ಇಲ್ಲ. ಉಳಿಸಿದ ಡೀಸೆಲು ಒಂದು ಲೋಟದಷ್ಟೂ ಆಗಿರಲಾರದು.

ಎರಡು ತಾಸಿಗೊಮ್ಮೆ ನಿಲ್ಲಿಸಿ ಡ್ರಮ್ಮುಗಳ ಹತ್ತಿರ ಅಂಗೈಯ ಹಿಂಬದಿ ಹಿಡಿಯಿರಿ, ಮುಟ್ಟಬೇಡಿರಿ. ಒಂದು ಮಾತ್ರ ಸುಡುತ್ತಿದ್ದರೆ ಅದರ ಶೂ ಕಚ್ಚಿಕೊಂಡಿದೆ. ಒಂದು ಮಾತ್ರ ತಣ್ಣಗಿದ್ದರೆ ಅದು ಕೆಲಸವನ್ನೇ ಮಾಡುತ್ತಿಲ್ಲ. ಕಾದ ಡ್ರಮ್ಮಿಗೆ ನೀರು ಎರಚಿದರೆ ಸೀಳೀತು. ರಾತ್ರಿ ಪ್ರಯಾಣ ಬೇಡ; ಆದರೂ ಹಿಂದುಗಡೆ ಕೆಂಪು ದೀಪವೂ ಹೊಳೆಯುವ ಪಟ್ಟಿಯೂ ಇರಲೇಬೇಕು.

ಕಟ್ಟಕಡೆಯ ಮಾತು

ಇಷ್ಟೆಲ್ಲ ನೋಡಿದ ಮೇಲೂ ಒಂದು ಮಾತು ಉಳಿಯುತ್ತದೆ. ಬ್ರೇಕು ಎಷ್ಟೇ ಒಳ್ಳೆಯದಿರಲಿ, ಸಾಮಾನಿನ ಮೇಲೆ ಜನ ಕೂಡುವುದು ಸಲ್ಲದು. ೨೦೨೫ರ ಜನವರಿ ೨೨ರ ನಸುಕಿನಲ್ಲಿ ಯಲ್ಲಾಪುರದ ಹತ್ತಿರ ತರಕಾರಿ ಲಾರಿ ಉರುಳಿ ಸವಣೂರ ಕಡೆಯ ಹತ್ತು ಜನ ವ್ಯಾಪಾರಿಗಳು ತೀರಿಕೊಂಡರು. ಅವರು ಕುಮಟೆಯ ಸಂತೆಗೆ ಹೊರಟಿದ್ದರು, ಸರಕಿನ ಜೊತೆಗೇ ಕುಳಿತಿದ್ದರು. ಅದು ಬ್ರೇಕಿನ ಮಾತಲ್ಲದಿರಬಹುದು. ಆದರೆ ಗಾಡಿ ಉರುಳಿದಾಗ ಸರಕಿನೊಡನೆ ಕುಳಿತವರಿಗೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಕಾಯ್ದೆಯೂ ಇದಕ್ಕೆ ಒಪ್ಪುವುದಿಲ್ಲ. ಅಪಘಾತವಾದರೆ ವಿಮೆಯ ಹಣಕ್ಕೂ ತಕರಾರು ಬರುತ್ತದೆ. ಸಾಮಾನು ಟ್ರೇಲರಿನಲ್ಲಿ ಹೋಗಲಿ, ಹೆಂಗಸರು ಮಕ್ಕಳಾದಿಯಾಗಿ ಎಲ್ಲರೂ ಎಸ್.ಟಿ. ಬಸ್ಸಿನಲ್ಲಿಯೋ ರೈಲಿನಲ್ಲಿಯೋ ಹೋಗಲಿ. ಟಿಕೆಟಿನ ಹಣ ಭಾರವೆಂಬುದನ್ನು ನಾವು ಬಲ್ಲೆವು. ನಮ್ಮ ಪಗಾರವೂ ಅಷ್ಟರದೇ. ಟಿಕೆಟಿಗೆ ಕಡಿಮೆ ಬಿದ್ದವರು ಸಂಕೋಚಪಡದೆ ಮೊದಲೇ ತಿಳಿಸಿದರೆ ಸದಸ್ಯರು ಕೂಡಿ ಕೈಲಾದಷ್ಟು ನೋಡೋಣ.

ಈ ಲೇಖನದ ಏಳು ಅಂಶಗಳನ್ನು ದಪ್ಪ ಅಕ್ಷರದಲ್ಲಿ ಬರೆದು ವಾಚನಾಲಯದ ಬಾಗಿಲ ಬಳಿ ತೂಗುಹಾಕಿದ್ದೇವೆ. ಈ ವರ್ಷದಿಂದ ನಾವು ಒಂದು ನೇಮ ಇಟ್ಟುಕೊಂಡಿದ್ದೇವೆ: ಬ್ರೇಕು ನೋಡಿಸಿದ ಮೇಲೆಯೇ ಸಾಮಾನಿನ ಯಾದಿ ಬರೆದುಕೊಡುವುದು. ಯಾರಿಗಾದರೂ ಇದು ಬಿಗಿಯೆನಿಸಿದರೆ ಕ್ಷಮೆಯಿರಲಿ.

ಕಾಲು ಕಳೆದುಕೊಂಡ ನಮ್ಮ ಆ ಸದಸ್ಯರು ಊರಿನಲ್ಲಿ ಚಿಕ್ಕ ಅಂಗಡಿ ಇಟ್ಟಿದ್ದಾರೆ. ಆಗೊಮ್ಮೆ ಈಗೊಮ್ಮೆ ಕಾಗದ ಬರೆದು, ಪತ್ರಿಕೆ ಹೊತ್ತಿಗೆ ಸರಿಯಾಗಿ ಬರುತ್ತಿದೆಯೇ, ಸಂಜೆ ಈಗ ಯಾರು ಓದಿ ಹೇಳುತ್ತಾರೆ ಎಂದು ವಿಚಾರಿಸುತ್ತಾರೆ. ಈ ಲೇಖನದ ಒಂದು ಪ್ರತಿಯನ್ನು ಅವರಿಗೂ ಕಳಿಸುತ್ತಿದ್ದೇವೆ. ಊರಿಗೆ ಹೋಗುವ ಬಂಧುಗಳೆಲ್ಲರೂ ಸುಖವಾಗಿ ಮುಟ್ಟಲಿ. ಬಿತ್ತನೆ ಮುಗಿಸಿ, ಹೋದ ಹಾಗೆಯೇ ಮರಳಿ ಬಂದು ಈ ಬೆಂಚುಗಳನ್ನು ತುಂಬಲಿ.